ಬೇರೆ ತಾಟು

ಏಪ್ರಿಲ್ ೧೫, ಮಂಗಳವಾರ

ಏಳೂವರೆಯ ಬಸ್ಸು. ಬಸವಕಲ್ಯಾಣದಿಂದ ಹುಮನಾಬಾದ್ ತನಕ ನಿಂತೇ ಬಂದೆ. ಫ್ಯಾಕ್ಟರಿಯ ಲ್ಯಾಬಿನಲ್ಲಿ ಸಂಘರತ್ನ ನಿನ್ನೆಯ ಅಂಬೇಡ್ಕರ್ ಜಯಂತಿಯ ಬರ್ಫಿ ಹಂಚುತ್ತಿದ್ದ. ಮೇಲೆ ಬಾದಾಮಿ ಚೂರು. ಒಲ್ಲೆ ಅಂದೆ. ಕಾರಣವನ್ನೂ ಹೇಳಿದೆ — ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಬಾದಾಮಿ ಹಾಲು ಕುಡಿದದ್ದು, ತುಟಿ ಊದಿ ಗಂಟಲು ಮುಚ್ಚಿದ್ದು, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಉಳಿಸಿದ್ದು.

"ಅಲರ್ಜಿ," ಅಂದ. "ಹಳೇ ರೋಗರಿ ಸರ್ ಇದು. ನಿಮ್ಮ ಅಜ್ಜಗೋಳಿಗೆ ನಮ್ಮ ಮನಿ ನೀರಿಂದೂ ಇತ್ತು."

ಎಲ್ಲರೂ ನಕ್ಕರು. ನಾನೂ. ಎಂಟು ವರ್ಷದಿಂದ ಒಂದೇ ಬೆಂಚಿನಲ್ಲಿ ಕೆಲಸ. ನನ್ನ ಡಬ್ಬಿಯಿಂದ ಅವನು ತಿಂದಿದ್ದಾನೆ. ಅವನ ಡಬ್ಬಿಯಿಂದ ನಾನು... ನೆನಪಾಗುತ್ತಿಲ್ಲ.

ಏಪ್ರಿಲ್ ೧೯, ಶನಿವಾರ

ಮತ್ತೆ ಡಾಕ್ಟರ್. ಬಾದಾಮಿ ಬಿಟ್ಟರೆ ಸಾಲದು. ಬಾದಾಮಿ ಮುಟ್ಟಿದ ಚಮಚ, ಮಿಕ್ಸಿ, ಎಣ್ಣೆ, ಕೈ — ಅವೂ ಕೂಡದು. ಪಾತ್ರೆ ಬೇರೆ. ಸೌಟು ಬೇರೆ. ತಿನ್ನುವ ಮೊದಲು ಕೇಳಬೇಕು, ಸಂಕೋಚ ಬಿಟ್ಟು. ಇಂಜೆಕ್ಷನ್ ಸದಾ ಜೊತೆಗಿರಬೇಕು. ಚುಚ್ಚಿಕೊಂಡ ಮೇಲೂ ಆಸ್ಪತ್ರೆಗೆ ಓಡಬೇಕು.

ಎಲ್ಲ ಒಂದೇ ಸಲಕ್ಕೆ ಬಾಯಿಪಾಠವಾಯಿತು. ಹೊಸದಾಗಿ ಕಲಿತ ಹಾಗೆ ಅನಿಸಲೇ ಇಲ್ಲ.

ಹೆಂಡತಿ ರೂಪಾಲಿ ನನ್ನ ಪಾತ್ರೆಗಳನ್ನು ಬೇರೆ ಗೂಡಿಗೆ ಸರಿಸಿದಳು. "ನಿಮ್ಮ ಅವ್ವ ಹೋದ ಮ್ಯಾಲ ಈ ಮನ್ಯಾಗ ಮಡಿ ಮುಗೀತು ಅನ್ಕೊಂಡಿದ್ದೆ," ಅಂದಳು.

ಏಪ್ರಿಲ್ ೨೯

ಮಧ್ಯಾಹ್ನ ಸಂಘರತ್ನನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಒಂದು ತುಣುಕು ಮುರಿದು ಚಾಚಿದ. ಏನೇನು ಹಾಕಿದ್ದಾರೆ ಎಂದು ಕೇಳಿದೆ. ಕೇಳಲೇಬೇಕಲ್ಲ.

"ಪುಂಡಿಪಲ್ಯಾದಾಗ ಬಾದಾಮಿ ಹಾಕೋವಷ್ಟು ದೊಡ್ಡಸ್ತಿಕಿ ನಮ್ಮಲ್ಲಿಲ್ಲರಿ ಸರ್."

ತುಣುಕನ್ನು ತಾನೇ ಬಾಯಿಗಿಟ್ಟುಕೊಂಡ. ಜಗಿಯುತ್ತ ನನ್ನ ಮುಖವನ್ನೇ ನೋಡಿದ.

ಮೇ ೯, ಶುಕ್ರವಾರ

ಇಷ್ಟು ದಿನ ಮಾತಿಲ್ಲ. ಇವತ್ತು ಅವನೇ ಬಂದ. ಸೋಮವಾರ ಬುದ್ಧ ಪೂರ್ಣಿಮೆ, ಘಾಟಬೋರಾಳದ ಅವನ ಮನೆಯಲ್ಲಿ ಖೀರಿನ ಊಟ.

"ನಿಮ್ಮ ಪಾಲಿಂದಕ್ಕ ಬಾದಾಮಿ ಹಾಕಸಲ್ಲ. ಬಂದು ತಿಂದ್ರ ಅಲರ್ಜಿ ಖರೇ ಅಂತ ನಂಬ್ತೀನಿ. ಇಲ್ಲಂದ್ರ ಎಂಟು ವರ್ಷದ್ದು ಇಲ್ಲಿಗೇ ಖತಂರಿ."

ಬರುತ್ತೇನೆ ಅಂದೆ. ಈ ಫ್ಯಾಕ್ಟರಿಯಲ್ಲಿ ಅವನನ್ನು ಬಿಟ್ಟರೆ ನನ್ನ ಜೊತೆ ಮಾತಾಡುವವರು ಯಾರು? ಏನೇನು ಜಾಗ್ರತೆ ಬೇಕು ಎಂದು ಕೇಳಿದ. ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ, ಒಂದೂ ಬಿಡದೆ. ಗಮನವಿಟ್ಟು ಕೇಳಿಸಿಕೊಂಡ. ಪಾತ್ರೆ ಬೇರೆ, ಸೌಟು ಬೇರೆ ಅಂದಾಗ ಮಾತ್ರ ಒಮ್ಮೆ ಕಣ್ಣು ಎತ್ತಿದ.

ಮೇ ೧೩, ಮಂಗಳವಾರ. ಬೆಳಿಗ್ಗೆ

ನಿನ್ನೆ ಹೋಗಿದ್ದೆ.

ಅಂಗಳದಲ್ಲಿ ಪಂಕ್ತಿ. ಅವರಿಗೆಲ್ಲ ಬಾದಾಮಿ ಖೀರು. ಸಂಘರತ್ನನ ಹೆಂಡತಿ ರತ್ನಮಾಲಾ ನನ್ನನ್ನು ಪಂಕ್ತಿಯಿಂದ ದೂರ, ಗೋಡೆಯ ಮಗ್ಗುಲಿಗೆ ಕೂಡಿಸಿದಳು. ತಾಟು ಹೊಸದು, ಚಮಚ ಹೊಸದು. ಸಾಬೂನು ಹಚ್ಚಿ ಕೈ ತೊಳೆದಳು. ಬೇರೆ ಪಾತ್ರೆ, ಬೇರೆ ಸೌಟು. ತಾಟಿಗೆ ತಾಗದ ಹಾಗೆ ಮೇಲಿನಿಂದ ಹೊಯ್ದಳು. ಹತ್ತಿರ ಬಂದ ಮಕ್ಕಳನ್ನು ಗದರಿದಳು: "ದೂರ ಸರೀರಿ! ಅವ್ರ ತಾಟ ಮುಟ್ಟಬ್ಯಾಡ್ರಿ!"

ಎಲ್ಲ ಸರಿಯಿತ್ತು. ನಮ್ಮ ಲ್ಯಾಬಿನಲ್ಲೂ ಯಾರೂ ಇಷ್ಟು ನಿಷ್ಠೆಯಿಂದ ಮಾಡುವುದಿಲ್ಲ.

ಹೊಸ್ತಿಲಲ್ಲಿ ಕೂತಿದ್ದ ಸಂಘರತ್ನನ ತಾಯಿ ಕಾಂತಾಬಾಯಿ ನಗಲು ಶುರುಮಾಡಿದಳು. ನಕ್ಕು ನಕ್ಕು ಕೆಮ್ಮಿದಳು.

"ಇನ್ನಾ ಎತ್ತರದಿಂದ ಹಾಕ ರತ್ನಾ! ಗೌಡ್ರ ಮನ್ಯಾಗ ನನಗ ಹಿಂಗೇ ಹಾಕ್ತಿದ್ರು. ಸಾಹೇಬ್ರ, ಹ್ಯಾಂಗ ಅನಸ್ತದರಿ?"

ಇಡೀ ಪಂಕ್ತಿ ನಕ್ಕಿತು. ಸಂಘರತ್ನ ನಗಲಿಲ್ಲ.

"ತಿನ್ರಿ ಸರ್. ನೀವು ಹೇಳ್ದಂಗೇ ಮಾಡ್ಯಾಳ."

ಚಮಚ ಎತ್ತಿದೆ. ಏಲಕ್ಕಿಯ ವಾಸನೆ. ಕೇಳಲು ಏನೂ ಉಳಿದಿರಲಿಲ್ಲ. ಇಂಜೆಕ್ಷನ್ ಜೇಬಿನಲ್ಲಿತ್ತು. ಗಂಟಲು ಮುಚ್ಚಿಕೊಂಡಿತು — ಚಮಚ ತುಟಿಗೆ ತಾಗುವ ಮೊದಲೇ. ಬಾದಾಮಿ ಇಲ್ಲದ ಖೀರಿಗೆ.

ಕೆಳಗಿಟ್ಟೆ.

ಯಾರೂ ಸಿಟ್ಟಾಗಲಿಲ್ಲ. "ಅಲರ್ಜಿ ಖರೇನೇ ಅದ ಬಿಡ್ರಿ," ಅಂದ ಸಂಘರತ್ನ, ಮೆತ್ತಗೆ. ಎದ್ದು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ.

ನಾನೂ ಎದ್ದೆ. ಕಾಂತಾಬಾಯಿ ಈಗ ನಗುತ್ತಿರಲಿಲ್ಲ. "ತಾಟ ತೊಳದು ಬೋರಲ ಹಾಕಿ ಹೋಗ್ರಿ, ಸಾಹೇಬ್ರ. ನಾವೂ ಹಂಗೇ ಮಾಡಿ ಬರ್ತಿದ್ವಿ."

ನಳದ ಹತ್ತಿರ ಕುಕ್ಕುರುಗಾಲಲ್ಲಿ ಕೂತೆ. ಖೀರು ಮೋರಿಗೆ ಹೋಯಿತು. ಉಜ್ಜುತ್ತಿದ್ದೆ. ಪಂಕ್ತಿಗೆ ಬಡಿಸುತ್ತಿದ್ದ ರತ್ನಮಾಲಾ ಓಡಿ ಬಂದಳು.

"ಅಯ್ಯ, ಬಿಡ್ರಿ ಅಣ್ಣಾರ. ಮುದುಕಿ ಮಾತು ಏನು ಮನಸಿಗೆ ಹಚ್ಕೋತೀರಿ. ನಾ ತೊಳೀತೀನಿ, ಕೊಡ್ರಿ."

ಅವಳ ಬೆರಳಿಗೆ ಪಂಕ್ತಿಯ ಬಾದಾಮಿ ಖೀರು ಅಂಟಿತ್ತು. ತಾಟು ಇಸಿದುಕೊಳ್ಳಲು ಕೈ ಚಾಚಿದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.