ಆಯುಧಪೂಜೆಯ ದಿನ ನಿಂತ ಸರ್ವರ್

ಐಜೂರು, ರಾಮನಗರ
19-10-2008, ಭಾನುವಾರ

ನನ್ನ ಹಟಮಾರಿ ನಾದಿನಿ ಸಿರಿಗೆ, ಬಾಯಿಬಡುಕಿ ಅತ್ತಿಗೆಯ ತುಂಬು ಮನಸ್ಸಿನ ಆಶೀರ್ವಾದ.

ಕಾಗದ ನೋಡಿ ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಮನೆಯಲ್ಲೇ ಮೇಲ್ ಸರ್ವರ್ ಇಟ್ಟುಕೊಂಡು ಅಂಚೆ ಡಬ್ಬಿ ಹುಡುಕಿಕೊಂಡು ಯಾಕೆ ಹೋದಿರಿ ಅಂತ ಕೇಳುತ್ತೀಯ, ಗೊತ್ತು. ಗುಡೇಮಾರನಹಳ್ಳಿಯ ಸಿದ್ದಮ್ಮ ದೊಡ್ಡಮ್ಮನ ಮನೆಯಲ್ಲಿ ಎಮ್ಮೆ ಇದೆ, ರಾಗಿ ಇದೆ, ಕಂಪ್ಯೂಟರ್ ಎಲ್ಲಿದೆ? ನಿನ್ನ ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ದೊಡ್ಡಮ್ಮನ ಫೋನಿಗೆ ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ನೀನು ಕೊಟ್ಟಿಗೆಯಲ್ಲಿದ್ದೀಯ ಅಂದರು. ಅಷ್ಟು ಹೊತ್ತು ಎಮ್ಮೆ ಜೊತೆ ಏನು ಮಾತೇ ನಿನಗೆ?

ಒಂದನೇ ತಾರೀಖು ಸರ್ವರ್ ಮುಚ್ಚಿ ಬಟ್ಟೆ ಕಾರ್ಖಾನೆಗೆ ಸೇರುತ್ತೀಯಂತೆ. ನಿಮ್ಮಣ್ಣ ಊಟಕ್ಕೆ ಕೂತಾಗ ಹೇಳಿದರು. ಅದನ್ನು ತಪ್ಪಿಸಬೇಕೆಂದೇ ಬರೆಯಲು ಕೂತಿದ್ದೇನೆ.

ಮೂರು ವರ್ಷದ ಹಿಂದೆ ಬ್ರೌಸಿಂಗ್ ಸೆಂಟರಿನವರು ಬಿಸಾಡಲಿದ್ದ ಹಳೇ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಬಂದಾಗ ನಿನ್ನನ್ನು ಬಾಯಿಗೆ ಬಂದಂತೆ ಅಂದಿದ್ದೆ. ನನ್ನ ಉಪ್ಪಿನಕಾಯಿ ಜಾಡಿಗಳನ್ನು ಸರಿಸಿ ಆ ಕಟ್ಟೆಯ ಮೇಲೆ ಅದನ್ನು ಕೂರಿಸಿದೆ. ಮನೆಯ ಫೋನ್ ಲೈನಿಗೇ ಇಂಟರ್‌ನೆಟ್ ಹಾಕಿಸಿದೆ. ಹಾರೋಹಳ್ಳಿಯ ಐದು ವರ್ಕ್‌ಶಾಪಿನವರ ಮೇಲ್‌ಗಳೆಲ್ಲ ನಮ್ಮ ನಡುಮನೆಗೆ ಬಂದು, ನಮ್ಮ ನಡುಮನೆಯಿಂದಲೇ ಹೊರಡತೊಡಗಿದವು. ಮೊದಮೊದಲು ಮನೆ ಲೈನಿನಿಂದ ಬಂದದ್ದು ಅಂತ ದೊಡ್ಡ ಕಂಪನಿಗಳು ಅವನ್ನು ಕಸದ ಪಾಲು ಮಾಡುತ್ತಿದ್ದವು. ನೀನು ಫೋನ್ ಆಫೀಸಿಗೆ ಹನ್ನೊಂದು ಸಲ ಅಲೆದು, ಬದಲಾಗದ ಒಂದು ನಂಬರನ್ನು ನಮ್ಮ ಲೈನಿಗೆ ಬರೆಸಿಕೊಂಡೆ. ಕೆಟ್ಟ ಮೇಲ್ ಕಳಿಸುವವರ ಪಟ್ಟಿ ಇಟ್ಟುಕೊಂಡವರಂತೆ, ಯಾವ ದೇಶದವರೋ ಏನೋ, ಅವರಿಗೆ ನಾವು ಮರ್ಯಾದಸ್ಥರು ಅಂತ ಇಂಗ್ಲಿಷಿನಲ್ಲಿ ಬರೆದು ಬರೆದು ಒಪ್ಪಿಸಿದೆ. ಕರೆಂಟ್ ಹೋದರೆ ಇರಲಿ ಅಂತ ಲಾರಿ ಬ್ಯಾಟರಿ ತಂದು ಜೋಡಿಸಿದೆ. ಹೇಳಿಕೊಟ್ಟವರು ಯಾರೂ ಇಲ್ಲ. ಎಲ್ಲ ಓದಿ, ತಪ್ಪಿ, ಮತ್ತೆ ಓದಿ ಕಲಿತದ್ದು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಬೆರಗಾಗಿ ನೋಡುತ್ತಿದ್ದೆ. ಬಾಯಲ್ಲಿ ಮಾತ್ರ ಅದರ ಗುಂಯ್ ಸದ್ದಿಗೆ ತಲೆನೋವು ಅನ್ನುತ್ತಿದ್ದೆ. ನಿನ್ನಂಥ ಹೆಣ್ಣನ್ನು ನಾನು ನೋಡಿಲ್ಲ ಸಿರಿ. ಎದುರಿಗೆ ಹೇಳಲು ಅತ್ತಿಗೆತನ ಅಡ್ಡ ಬಂತು.

ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ಆಯುಧಪೂಜೆ ದಿನ ಸರ್ವರ್ ನಿಲ್ಲಿಸಿದ್ದು ನಾನು.

ನೀನು ಹಿಂದಿನ ದಿನವೇ ದೊಡ್ಡಮ್ಮನ ಊರಿಗೆ ಹೊರಟಿದ್ದೆ. ನನ್ನ ತವರಲ್ಲಿ ಅಪ್ಪ ಬೋರಲಿಂಗಯ್ಯನವರದು ಹಿಟ್ಟಿನ ಮಿಲ್ಲು, ನಿನಗೆ ಗೊತ್ತಲ್ಲ. ಪೂಜೆ ದಿನ ಬೆಲ್ಟು ಕಳಚಿಟ್ಟರೆ, ಮಾರನೇ ದಿನ ವಿಜಯದಶಮಿಯ ಮಂಗಳಾರತಿ ಆಗುವ ತನಕ ಊರ ಗೌಡರು ಬಂದು ನಿಂತರೂ ಮಿಲ್ಲು ಓಡುತ್ತಿರಲಿಲ್ಲ. ವರ್ಷವಿಡೀ ದುಡಿದ ಯಂತ್ರಕ್ಕೆ ಅದೊಂದು ದಿನ ವಿಶ್ರಾಂತಿ. ಹೋದ ವರ್ಷ ನೀನು ಓಡುತ್ತಿದ್ದ ಕಂಪ್ಯೂಟರಿಗೇ ಕುಂಕುಮ ಇಟ್ಟದ್ದು ನನ್ನ ಮನಸ್ಸಿಗೆ ಹಿಡಿಸಿರಲಿಲ್ಲ. ಈ ಸಲ ನೀನಿಲ್ಲ. ಗುಂಡಿ ಒತ್ತಿದೆ. ಸದ್ದು ನಿಂತಿತು. ವಿಭೂತಿ ಬಳಿದು, ಸೇವಂತಿಗೆ ಇಟ್ಟು, ನಿನ್ನ ಕಸುಬು ಹೆಚ್ಚಲಿ ಅಂತ ಕೈಮುಗಿದೆ. ನಿನ್ನಾಣೆ, ಒಳ್ಳೆಯದಕ್ಕೇ ಅಂದುಕೊಂಡೆ. ಆಮೇಲೆ ಮನೆಗೆ ಬೀಗ ಹಾಕಿ ನಿಮ್ಮಣ್ಣನೂ ನಾನೂ ಕೆಂಗಲ್ ಆಂಜನೇಯನ ಗುಡಿಗೆ ಹೋದೆವು.

ಹಾರೋಹಳ್ಳಿಯ ಐವರಲ್ಲಿ ಒಬ್ಬರಾದ ಖಾಸಿಂ ಅವರಿಗೆ ಆರ್ಡರ್ ಕೊಡುವ ಜರ್ಮನಿಯವರಿಗೆ ಎಲ್ಲಿಯ ಆಯುಧಪೂಜೆ! ಅವತ್ತೇ ಅವರು ಖಾಸಿಂ ಅವರಿಗೆ ಬಿಡಿಭಾಗದ ಹೊಸ ನಕ್ಷೆ ಕಳಿಸಿದ್ದಾರೆ, ಮಾರನೇ ಸಂಜೆಯೊಳಗೆ ಒಪ್ಪಿಗೆ ಬರಬೇಕು ಅಂದಿದ್ದಾರೆ. ಮೇಲ್ ಬರುತ್ತಿಲ್ಲವೆಂದು ಖಾಸಿಂ ಅವತ್ತೇ ನಿನ್ನ ಮೊಬೈಲಿಗೆ ಮಾಡಿದರು, ಮನೆಗೂ ಮಾಡಿದರು. ಯಾರೂ ಸಿಗಲಿಲ್ಲ. ನಾನು ಗುರುವಾರ ಮಂಗಳಾರತಿ ಮಾಡಿ ಗುಂಡಿ ಒತ್ತಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ಬಾಗಿಲು ಮುಚ್ಚಿದ್ದರೆ ಮೇಲ್ ಕಳೆದುಹೋಗುವುದಿಲ್ಲ, ನಾಲ್ಕೈದು ದಿನ ಮತ್ತೆ ಮತ್ತೆ ಬಂದು ತಟ್ಟುತ್ತದೆ ಅಂತ ನೀನೇ ಒಮ್ಮೆ ಹೇಳಿದ್ದೆ. ಹಾಗೆಯೇ ನಕ್ಷೆ ಬಂತು. ಆದರೆ ಗಡುವು ಮೀರಿತ್ತು, ಆರ್ಡರ್ ಬೇರೆಯವರ ಪಾಲಾಗಿತ್ತು.

ನೀನು ಊರಿಂದ ಬಂದ ಶುಕ್ರವಾರವೇ ಖಾಸಿಂ ನಮ್ಮ ಜಗಲಿಯಲ್ಲಿ ನಿಂತು ಕೂಗಾಡಿದ್ದು, ತಾವೂ ಬಿಡುತ್ತೇವೆ, ಉಳಿದ ನಾಲ್ವರನ್ನೂ ಬಿಡಿಸುತ್ತೇವೆ ಅಂದದ್ದು ನನಗೆ ಒಳಗೆ ಕೇಳುತ್ತಿತ್ತು. ನೀನು ಮೆಲ್ಲಗೆ ಹೇಳಿದ್ದೂ ಕೇಳಿಸಿತು: "ನನ್ ತಪ್ಪು ಖಾಸಿಮಣ್ಣ. ಊರಿಗೆ ಹೋಗೋ ಗಡಿಬಿಡೀಲಿ ನಾನೇ ಆಫ್ ಮಾಡ್ಬುಟ್ಟಿದ್ದೆ."

ಪಾಪ, ನಿಜವಾಗಿಯೂ ಹಾಗೆಂದುಕೊಂಡಿದ್ದಾಳೆ ಅಂತ ನಾನು ತೆಪ್ಪಗಿದ್ದೆ. ನೀನು ಮತ್ತೆ ದೊಡ್ಡಮ್ಮನ ಊರಿಗೆ ಹೋದ ಮೇಲೆ ಕಟ್ಟೆ ಒರೆಸುವಾಗ ನಿನ್ನ ನೋಟ್‌ಬುಕ್ ಸಿಕ್ಕಿತು, ಕರೆಂಟ್ ಹೋದದ್ದು ಬಂದದ್ದು ಬರೆದಿಡುತ್ತೀಯಲ್ಲ, ಅದು. ಎಂಟನೇ ತಾರೀಖಿನ ಸಾಲಿನಲ್ಲಿ "9.40, ಗುಂಡಿ ಒತ್ತಿ ನಿಲ್ಲಿಸಿದ್ದು" ಅಂತ ಬರೆದು, ಗೀಚಿ ಹಾಕಿ, ಪಕ್ಕದಲ್ಲಿ "ನನ್ನ ಮರೆವು" ಅಂತ ಬರೆದಿದ್ದೀಯ. ಯಂತ್ರ ತಾನು ಮಲಗಿದ್ದನ್ನೂ ಎದ್ದದ್ದನ್ನೂ ತಾನೇ ಬರೆದಿಟ್ಟುಕೊಳ್ಳುತ್ತದಂತೆ. ಆ ಹೊತ್ತಿಗೆ ಮನೆಯಲ್ಲಿ ಇದ್ದವರು ಯಾರು ಅಂತ ನಿನಗೆ ಗೊತ್ತಿಲ್ಲವೇ? ಗೊತ್ತಿದ್ದೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಮೂರು ವರ್ಷ ಕಟ್ಟಿದ ಹೆಸರನ್ನು ನನ್ನ ಸಲುವಾಗಿ ಜಗಲಿಯ ಮೇಲೆ ಚೆಲ್ಲಿಬಿಟ್ಟೆ. ನೋಟ್‌ಬುಕ್ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಖಾಸಿಂ ಅವರಿಗೆ ನಿಜ ಹೇಳಿದ್ದೇನೆ. ಆಯಿತು ಅಂದರು. ನೀನು ಆ ಚಿಂತೆ ಬಿಡು. ಸರ್ವರ್ ಓಡುತ್ತಿದೆ. ಮೊನ್ನೆ ಮೂರು ಗಂಟೆ ಕರೆಂಟ್ ಇರಲಿಲ್ಲ, ನೀನು ಗೋಡೆಗೆ ಅಂಟಿಸಿದ ಚೀಟಿ ಓದಿಕೊಂಡು ನಾನೇ ಬ್ಯಾಟರಿಗೆ ಹಾಕಿದೆ. ಒಂದು ದಿನವೂ ನಿಂತಿಲ್ಲ. ಬಂದು ನಿನ್ನದನ್ನು ನೀನು ನೋಡಿಕೋ.

ತಪ್ಪು ಮಾಡಿದ, ನಿನ್ನ ದಾರಿ ನೋಡುತ್ತಿರುವ ಅತ್ತಿಗೆ,
ಲತಾಮಣಿ

ತಾ.ಕ. ಮಂಗಳವಾರ ಸಂಜೆ. ಖಾಸಿಂಗೆ ಹೇಳಿದ್ದೇನೆ ಅಂತ ಮೇಲೆ ಬರೆದದ್ದು ಸುಳ್ಳು. ಧೈರ್ಯವೇ ಬಂದಿರಲಿಲ್ಲ. ಆ ಸುಳ್ಳನ್ನು ಒಳಗಿಟ್ಟು ಲಕೋಟೆ ಅಂಟಿಸಲು ಎರಡು ದಿನ ಕೈ ಬರಲಿಲ್ಲ. ಇವತ್ತು ಕನಕಪುರದಲ್ಲಿ ಬಸ್ಸು ಬದಲಾಯಿಸಿ ಹಾರೋಹಳ್ಳಿಗೆ ಹೋದೆ. ಆಳುಗಳೆಲ್ಲ ನೋಡುತ್ತಿದ್ದ ಹಾಗೆಯೇ ಹೇಳಿದೆ. ಖಾಸಿಂ ಲೇತ್ ಯಂತ್ರ ನಿಲ್ಲಿಸಿ ಬಹಳ ಹೊತ್ತು ಕೈ ಒರೆಸಿಕೊಂಡರು. ಆಮೇಲೆ ಹೇಳಿದ್ದನ್ನು ಅವರ ಮಾತಲ್ಲೇ ಬರೆಯುತ್ತೇನೆ: "ಆರ್ಡರ್ ಹೋಗಿದ್ದು ಹೊಟ್ಟೆ ಉರೀತೈತೆ ಕಣಮ್ಮ, ಸುಳ್ ಹೇಳಲ್ಲ. ಆದ್ರೆ ಅತ್ತಿಗೆ ಮಾನ ಉಳ್ಸಕ್ಕೆ ತನ್ ಕಸುಬನ್ನೇ ಬುಟ್ಟೋಳ ಕೈಲಿ ನನ್ ಮೇಲ್ ಇರ್ದೆ, ಇನ್ಯಾರ್ ಕೈಲಿ ಇರ್ಬೇಕು? ಬರಕ್ಕೇಳಿ."