ಕ್ವಾರಿ ಹೊಂಡಕ್ಕೆ ಎತ್ತದ ಕೈ

ನರಸಿಂಹರಾಜಪುರ
21 ಮಾರ್ಚ್ 2002, ಗುರುವಾರ

ಪ್ರೀತಿಯ ಅಪ್ಪಾಜಿಗೆ ನೀಲಾಂಬಿಕೆಯ ನಮಸ್ಕಾರಗಳು.

ಕಣ್ಣಿನ ಪಟ್ಟಿ ಬಿಚ್ಚಿದರೇ? ಹನಿ ಔಷಧ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ದಾವಣಗೆರೆಯ ಬಿಸಿಲಲ್ಲಿ ಓಡಾಡಬೇಡಿ, ಅಕ್ಕನ ಮಾತು ಕೇಳಿ. ಈ ಕಾಗದವನ್ನು ಶಿವಾನಿಯೇ ಓದಿ ಹೇಳುತ್ತಾಳೆಂದು ತಿಳಿದೇ ಬರೆಯುತ್ತಿದ್ದೇನೆ. ಮೊಮ್ಮಗಳ ಬಾಯಲ್ಲಿ ಕೇಳಿದರೆ ನಿಮ್ಮ ಸಿಟ್ಟು ಸ್ವಲ್ಪ ಕಡಿಮೆಯಾದೀತು.

ನಿನ್ನೆ ಪಟ್ಟಣ ಪಂಚಾಯಿತಿ ಅಧ್ಯಕ್ಷರ ಚುನಾವಣೆ ಮುಗಿಯಿತು. ನಮ್ಮವರ ಅಣ್ಣ ಸೋಮನಾಥ ಭಾವ ಒಂದೇ ಮತದಿಂದ ಸೋತರು. ಆ ಮತ ನನ್ನದು. ಬೇರೆಯವರು ಹೇಳುವ ಮೊದಲು ನಾನೇ ಹೇಳಬೇಕೆಂದು ಬೆಳಿಗ್ಗೆ ಎದ್ದವಳೇ ಬರೆಯಲು ಕೂತೆ. ವಾರ್ಡು ಮಹಿಳೆಯರಿಗೆ ಮೀಸಲಾದಾಗ ಹೊಲಿಗೆ ಯಂತ್ರದ ಮುಂದಿದ್ದ ನನ್ನನ್ನು ಎಬ್ಬಿಸಿ ನಾಮಪತ್ರ ಹಾಕಿಸಿದವರು ಭಾವ. ಮನೆಮನೆ ಸುತ್ತಿ ಗೆಲ್ಲಿಸಿದವರೂ ಅವರೇ. ಅದನ್ನು ನಾನು ಮರೆತಿಲ್ಲ.

ಊರಿನ ಕಸವನ್ನೆಲ್ಲ ಹಿನ್ನೀರಿನ ದಂಡೆಗೆ ಸುರಿಯುವುದು ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಸುರಿದದ್ದು ಆಷಾಢದಲ್ಲಿ ತೇಲಿ ಹೋಗುತ್ತದೆ. ಈ ಸಲ ಭಾವನೂ ಅವರ ಎದುರು ನಿಂತ ಗಂಗಾಂಬಿಕೆ ಟೀಚರೂ ಅದನ್ನೇ ನಿಲ್ಲಿಸುತ್ತೇವೆಂದರು. ಭಾವನ ಯೋಜನೆ ನೋಡಲು ಚೆಂದ. ದಂಡೆಗೆ ಕಲ್ಲಿನ ಕಟ್ಟೆ, ಸಾವಿರ ಗಿಡ, ಮಕ್ಕಳಿಗೊಂದು ಪಾರ್ಕು, ಕಸಕ್ಕೆಲ್ಲ ಊರಾಚೆಯ ಹಳೆ ಕಲ್ಲು ಕ್ವಾರಿಯ ಹೊಂಡ. ಟೀಚರದ್ದು ಯಾರಿಗೂ ಇಷ್ಟವಾಗದ ಯೋಜನೆ. ಪ್ರತಿ ಮನೆಯಲ್ಲೂ ಎರಡು ಬಕೆಟ್ಟು, ಹಸಿ ಕಸ ಬೇರೆ, ಒಣ ಕಸ ಬೇರೆ, ಸಂತೆಯಲ್ಲಿ ಪ್ಲಾಸ್ಟಿಕ್ ಚೀಲ ಬಂದ್, ಮಾತು ಕೇಳದ ಹೋಟೆಲಿಗೆ ದಂಡ. ನನಗೂ ಮೊದಲು ಭಾವನದೇ ಸರಿಯೆನಿಸಿತ್ತು. ಉಳಿದ ಹತ್ತು ಸದಸ್ಯರು ಐದೈದಾಗಿ ಒಡೆದರು. ನಾನು ಮನೆಯವಳೆಂದು ಭಾವ ಲೆಕ್ಕ ಹಾಕಿದ್ದರು.

ಹೋದ ವಾರ ಸದಸ್ಯರಿಗೆ ತೋರಿಸಲೆಂದು ಅವರು ಕ್ವಾರಿಯ ನೀರನ್ನು ಪಂಪು ಹಚ್ಚಿ ಖಾಲಿ ಮಾಡಿಸಿದರು. ಮರುದಿನ ನಮ್ಮ ಬೀದಿ ಗುಡಿಸುವ ಚೋಮ ಬಾಗಿಲಿಗೆ ಬಂದ. "ನೀಲಕ್ಕ, ನಿನ್ನೆ ಹೊಂಡಕ್ಕೆ ಪಂಪು ಹಚ್ಚಿದ್ರು. ಸಂಜೆ ಹೊತ್ತಿಗೆ ನಮ್ಮ ಬಾವಿ ಇಳಿದು ಹೋಯ್ತು. ಒಂದ್ಸಲ ಬಂದು ನೋಡಿ" ಎಂದ. ಹೋದೆ. ಕ್ವಾರಿಯ ಕೆಳಗೆ ಹದಿನೆಂಟು ಮನೆ, ಒಂದೇ ಬಾವಿ. ನೀರು ಎರಡು ಸಿಮೆಂಟ್ ರಿಂಗಿನಷ್ಟು ಕೆಳಗಿಳಿದಿತ್ತು, ಮೇಲಿನ ರಿಂಗಿನ ಪಾಚಿ ಇನ್ನೂ ಒಣಗಿರಲಿಲ್ಲ. ಹೊಂಡದ ನೀರೇ ಒಸರಿ ಬಾವಿಗೆ ಬರುವುದಾದರೆ, ಹೊಂಡದಲ್ಲಿ ಊರಿನ ಕಸ ಕೊಳೆತಾಗ ಬರುವುದೇನು? ಚೋಮನ ಹೆಂಡತಿ ಒಂದು ಕೊಡ ಸೇದಿ, ರಾಡಿ ನೀರನ್ನು ನನ್ನ ಕಾಲ ಬಳಿ ಇಟ್ಟಳು.

ಅಂದೇ ಭಾವನಿಗೆ ಹೇಳಿದೆ. ಅವರು ಕೂಗಾಡಲಿಲ್ಲ. "ನೀಲಾ, ಹೊಂಡ ನೋಡೋದು ಇಂಜಿನಿಯರ್ ಕೆಲಸ. ನೀನು ಬುಧವಾರ ಕೈ ಎತ್ತು, ಸಾಕು" ಎಂದರು. ನಿಮ್ಮ ಅಳಿಯಂದಿರು ಒಲೆಯ ಪಕ್ಕ ನಿಂತು, "ಅಣ್ಣನ ಜೊತೆ ದುಡಿಯೋನು ನಾನು, ನನ್ನ ಮುಖ ನೋಡಿಯಾದ್ರೂ ಸುಮ್ನಿರು ಮಾರಾಯ್ತಿ" ಎಂದರು.

ಮಂಗಳವಾರ ಟೀಚರ ಮನೆಗೆ ಹೋಗಿ, ಕ್ವಾರಿಗೆ ಕಸ ಹಾಕುವುದಿಲ್ಲವೆಂದು ಬರೆದುಕೊಡಿ ಎಂದೆ. ಬರೆದುಕೊಟ್ಟರು. ಬೇರೆ ಮಾಡಿದ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆಂದು ಕೇಳಿದೆ. "ಅದು ನನಗೂ ಇನ್ನೂ ಗೊತ್ತಿಲ್ಲಮ್ಮ. ಕೂತು ಹುಡುಕಬೇಕು" ಎಂದರು. ಗೊತ್ತಿಲ್ಲವೆಂದ ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಸಭೆಯಲ್ಲಿ ತಹಶೀಲ್ದಾರರು ಭಾವನ ಹೆಸರು ಓದಿದರು. ಐದು ಕೈ ಎದ್ದವು. ಭಾವ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಾನು ಕೈ ಎತ್ತಲು ಮರೆತಿದ್ದೇನೆ ಎಂದುಕೊಂಡಂತಿತ್ತು. "ನೀಲಾ" ಎಂದು ಮೆಲ್ಲಗೆ ನೆನಪಿಸಿದರು. ನಾನು ಎರಡೂ ಕೈಯಲ್ಲಿ ಸೆರಗು ಹಿಡಿದು ಕೂತೆ. ಟೀಚರ ಹೆಸರು ಬಂದಾಗ ಎತ್ತಿದೆ. ಎಣಿಸಿದ್ದನ್ನೇ ಎರಡು ಸಲ ಎಣಿಸಿದರು.

ಮನೆಯಲ್ಲೀಗ ಯಾರೂ ನನ್ನೊಡನೆ ಮಾತಾಡುತ್ತಿಲ್ಲ. ಅತ್ತೆ ಮಾತ್ರ ಕಾಫಿ ಲೋಟ ತಂದಿಟ್ಟು ಹೋಗುತ್ತಾರೆ. ನಿಮ್ಮ ಅಳಿಯಂದಿರು ಊಟ ಮಾಡದೆ ಟ್ರ್ಯಾಕ್ಟರ್ ತೆಗೆದುಕೊಂಡು ಹೋದರು. ನಾನು ಅವರ ಮೇಲೆ ಬೇಸರ ಪಟ್ಟುಕೊಂಡಿಲ್ಲ, ನೀವೂ ಪಟ್ಟುಕೊಳ್ಳಬೇಡಿ.

ಅಕ್ಕನಿಗೂ ದಾವಣಗೆರೆ ಭಾವನವರಿಗೂ ನನ್ನ ನೆನಪು ತಿಳಿಸಿ. ನಿಮ್ಮ ಕಣ್ಣು ಬೇಗ ತಿಳಿಯಾಗಲಿ.

ನಿಮ್ಮ ಮಗಳು
ನೀಲಾಂಬಿಕೆ

ತಾ.ಕ.: ಶಿವಾನೀ, ಇಲ್ಲಿಂದ ಮುಂದಿನದನ್ನು ಅಜ್ಜ ಒಬ್ಬರೇ ಇದ್ದಾಗ ಓದು. ಅಪ್ಪಾಜಿ, ನನ್ನ ಸದಸ್ಯತ್ವದ ರಾಜೀನಾಮೆ ಕಾಗದ ಟೈಪು ಮಾಡಿಸಿ ಸೋಮನಾಥ ಭಾವ ಈಗಷ್ಟೇ ನನ್ನ ಹೊಲಿಗೆ ಯಂತ್ರದ ಮೇಲಿಟ್ಟು ಹೋದರು. ನಾನು ಸಹಿ ಹಾಕಿಲ್ಲ. ಭಾನುವಾರ ಅವರೇ ನಿಮ್ಮನ್ನು ನೋಡಲು ಅಲ್ಲಿಗೇ ಬರುತ್ತಾರಂತೆ. ನಿಮ್ಮ ಮಾತನ್ನು ನಾನು ಎಂದೂ ಮೀರಿದವಳಲ್ಲವೆಂದು ಅವರಿಗೆ ಗೊತ್ತು. ಸಹಿ ಹಾಕೆಂದು ನನಗೆ ಹೇಳಿಕಳಿಸಬೇಡಿ. ಈ ಸಲ ನೀವು ಹೇಳಿದರೂ ನಾನು ಹಾಕುವುದಿಲ್ಲ.