ಮೊಣಕಾಲು ನೋಡಿದ ಇಬ್ಬರು

ವಿದ್ಯಾನಗರ, ದಾವಣಗೆರೆ
೧೭ ನವೆಂಬರ್ ೨೦೨೪

ಪ್ರೀತಿಯ ಶಾಂತಲಕ್ಕಾ,

ಹರಿಹರದಲ್ಲಿ ನೀನು, ಭಾವ, ಪಾಪು ಎಲ್ಲರೂ ಆರಾಮಿದ್ದೀರಿ ಅಂದುಕೊಂಡಿದ್ದೇನೆ. ಮೂರು ವಾರದಿಂದ ನಿನ್ನ ಫೋನ್ ಎತ್ತಿಲ್ಲ, ಬೈಕೋಬ್ಯಾಡ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಹಾಸ್ಟೆಲ್ ಹುಡುಗಿಯರು ಊಟ ರೂಮಿಗೇ ತಂದುಕೊಡುತ್ತಾರೆ. ಮೆಟ್ಟಿಲು ಇಳಿಯುವುದು ಮಾತ್ರ ಕಷ್ಟ.

ಅವ್ವ ನಿನಗೆ ಅರ್ಧ ಹೇಳಿರುತ್ತಾಳೆ. ಆಗಸ್ಟಿನಲ್ಲಿ ಕಬಡ್ಡಿ ಆಡುವಾಗ ಮೊಣಕಾಲು ತಿರುಚಿತಲ್ಲ, ಆಗ ಕೋಚ್ ನನ್ನನ್ನು ಡಾಕ್ಟರ್ ಪರಶುರಾಮ್ ಹತ್ತಿರ ಕರೆದೊಯ್ದಿದ್ದರು. ಆ ಮನುಷ್ಯ ನನ್ನ ಮುಖ ನೋಡಲಿಲ್ಲ. ಸ್ಕ್ಯಾನ್ ನೋಡಿ, ಕೋಚ್ ಕಡೆ ತಿರುಗಿ, "ಲಿಗಮೆಂಟ್ ಅರ್ಧ ಹರಿದೈತೆ. ಆರು ತಿಂಗಳು ಈಕಿ ಆಡಂಗಿಲ್ಲ" ಅಂದರು. ನಾನು ಏನೋ ಕೇಳುವಷ್ಟರಲ್ಲಿ ಮುಂದಿನ ಪೇಷೆಂಟಿನ ಹೆಸರು ಕೂಗಿಯಾಗಿತ್ತು. ಅಲ್ಲಿ ಕೂತಿದ್ದದ್ದು ನಾನಲ್ಲ, ಬರೀ ಒಂದು ಕಾಲು ಅನ್ನಿಸಿತು.

ಆಮೇಲೆ ಸಿಕ್ಕವರು ಟೀಮಿನ ಫಿಸಿಯೋ ಸಿದ್ದೇಶ್ ಸರ್. ಮೊದಲ ದಿನವೇ ಹೆಸರು ಹಿಡಿದು ಮಾತಾಡಿಸಿದರು, ನನ್ನ ಆಟದ ವಿಡಿಯೋ ತರಿಸಿಕೊಂಡು ನೋಡಿದರು. ಡಾಕ್ಟರು ಹೇಳಿದ್ದು ಸುಳ್ಳಲ್ಲ, ಆದರೆ ವ್ಯಾಯಾಮ ಸರಿಯಾಗಿ ಮಾಡಿದರೆ, ನೋವಿಲ್ಲದಿದ್ದರೆ, ಬೇಗ ಆಡಬಹುದು ಅಂದರು. ಅವರು ನಗುತ್ತಾ ಹೇಳುವಾಗಲೇ ಕಾಲು ಅರ್ಧ ವಾಸಿಯಾದಂತೆ ಅನ್ನಿಸುತ್ತಿತ್ತು ಅಕ್ಕಾ. ಅಕ್ಟೋಬರ್ ಕೊನೆಗೆ ಯೂನಿವರ್ಸಿಟಿ ಸೆಲೆಕ್ಷನ್ನಿಗೆ ಇಳಿದೆ. ಎರಡನೇ ರೈಡಿನಲ್ಲಿ ಮೊಣಕಾಲೊಳಗೆ ಏನೋ ಪಟ್ಟೆಂದಿತು. ಅಲ್ಲೇ ಕೂತೆ.

ಮತ್ತೆ ಪರಶುರಾಮ್ ಡಾಕ್ಟರೇ. ಬೈಯುತ್ತಾರೆ ಅಂದುಕೊಂಡೇ ಹೋದೆ, ಬೈಯಲಿಲ್ಲ. ಪೂರ್ತಿ ಹರಿದಿದೆ, ಆಪರೇಷನ್ ಆಗಬೇಕು, ಒಂದು ವರ್ಷ ಆಟ ಇಲ್ಲ ಅಂದರು, ಅದೇ ಒಣ ದನಿಯಲ್ಲಿ. ಆಪರೇಷನ್ ಡಿಸೆಂಬರ್ ಎರಡಕ್ಕೆ ಗೊತ್ತುಮಾಡಿದ್ದಾರೆ. ಡಾಕ್ಟರನ್ನು ಕಂಡುಬಂದ ಮಾರನೇ ದಿನ ಸಿದ್ದೇಶ್ ಸರ್ ಹಾಸ್ಟೆಲ್ ಗೇಟಿಗೆ ಬಂದಿದ್ದರು. "ತಪ್ಪು ನಂದು ಭವ್ಯಾ. ನಾನು ಬ್ಯಾಡ ಅನ್ನಬೇಕಿತ್ತು" ಅಂದು ತಲೆ ತಗ್ಗಿಸಿದರು. ಕೋಚ್ ಅವರನ್ನು ಟೀಮಿನಿಂದ ತೆಗೆದಿದ್ದಾರಂತೆ.

ನನಗೆ ಒಂದೂ ತಿಳಿಯುತ್ತಿಲ್ಲ. ಮುಖ ನೋಡದವರು ಹೇಳಿದ್ದು ನಿಜವಾಯಿತು. ಆದರೂ ಆಪರೇಷನ್ ನೆನೆದರೆ ಸಿದ್ದೇಶ್ ಸರ್ ಪಕ್ಕದಲ್ಲಿರಲಿ ಅನ್ನಿಸುತ್ತದೆ. ಇದು ಎಂಥ ಬುದ್ಧಿ, ನೀನೇ ಹೇಳು.

ಅವ್ವ ಉಕ್ಕಡಗಾತ್ರಿಗೆ ಹರಕೆ ಹೊತ್ತಿದ್ದಾಳೆ. ತಡೀಬ್ಯಾಡ, ಅವಳಿಗೂ ಏನಾದರೂ ಮಾಡಬೇಕಲ್ಲ. ಆಪರೇಷನ್ ದಿನ ನೀನು ಬಾ. ಪಾಪುವಿಗೆ ಮುತ್ತು, ನಿಮ್ಮಿಬ್ಬರಿಗೂ ನಮಸ್ಕಾರ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ಭವ್ಯಾ

ತಾ.ಕ.: ಒಂದು ಮಾತು ಯಾರಿಗೂ ಹೇಳಿಲ್ಲ. ಸೆಲೆಕ್ಷನ್ನಿಗೆ ಎರಡು ವಾರ ಮುಂಚಿನಿಂದಲೇ ಮೊಣಕಾಲು ಒಳಗೇ ಜಾರಿದಂತಾಗುತ್ತಿತ್ತು. ನೋವಿದೆಯಾ, ಕಾಲು ಜಾರುತ್ತಾ ಅಂತ ಸಿದ್ದೇಶ್ ಸರ್ ಬಂದಾಗಲೆಲ್ಲ ಕೇಳುತ್ತಿದ್ದರು. ಅಷ್ಟು ಖುಷಿಯಲ್ಲಿರುತ್ತಿದ್ದ ಅವರ ಮುಖ ಬಾಡುತ್ತದಲ್ಲ ಅಂತ, ಇಲ್ಲ ಸರ್ ಅಂತಲೇ ಅನ್ನುತ್ತಿದ್ದೆ. ಗೇಟಿನ ಹತ್ತಿರ ಅವರು ತಪ್ಪು ತಮ್ಮದು ಅಂದಾಗಲೂ ಸುಮ್ಮನೆ ನಿಂತಿದ್ದೆ. ಪರಶುರಾಮ್ ಡಾಕ್ಟರು ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ. ಅವರು ಕೇಳಲೇ ಇಲ್ಲ.